ಎರಡು ಅಂಕದಿಂದ ಮೇಲೇರಿದ ಭಾರತ: ಬೆಂಗಳೂರಿನ ಏಷ್ಯಾ ಕಪ್ ಬಾಸ್ಕೆಟ್‌ಬಾಲ್ ಕಲಿಸಿದ ಪಾಠ

ಕಾಸರಗೋಡು: ಕಬಡ್ಡಿ, ವಾಲಿಬಾಲ್, ಸೆವೆನ್ಸ್ ಫುಟ್‌ಬಾಲ್ ಎಂದರೆ ನಮ್ಮ ಗಡಿನಾಡಿನ ಊರುಗಳಲ್ಲಿ ರಾತ್ರಿ ಬೆಳಗಾಗುವವರೆಗೂ ಜನ ಸೇರುತ್ತಾರೆ. ಬಾಸ್ಕೆಟ್‌ಬಾಲ್ ಎಂದರೆ ಮಾತ್ರ ಅದು ಪೇಟೆಯ ಮಕ್ಕಳ ಆಟ ಎಂಬ ಭಾವನೆ ಇನ್ನೂ ಹೋಗಿಲ್ಲ. ಆದರೆ ಸಂಜೆ ರೈಲು ಹತ್ತಿದರೆ ಬೆಳಗ್ಗೆ ತಲುಪುವ ಬೆಂಗಳೂರಿನಲ್ಲಿ 2017ರ ಜುಲೈಯಲ್ಲಿ ನಡೆದ ಒಂದು ಪಂದ್ಯಾವಳಿ ಕೇರಳ ಹಾಗೂ ಕರ್ನಾಟಕ ಎರಡೂ ಕಡೆಯವರಿಗೆ ಸಂಬಂಧಪಟ್ಟದ್ದು. ಹೆಣ್ಣುಮಕ್ಕಳನ್ನು ಆಟದ ಮೈದಾನಕ್ಕೆ ಕಳುಹಿಸಬೇಕೇ ಬೇಡವೇ ಎಂದು ಯೋಚಿಸುವ ಹೆತ್ತವರು ಅದರ ಕಥೆಯನ್ನು ತಿಳಿದಿರುವುದು ಒಳ್ಳೆಯದು.

ಎ ವಿಭಾಗ, ಬಿ ವಿಭಾಗ ಎಂದರೇನು?

ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ ಎರಡು ವರ್ಷಕ್ಕೊಮ್ಮೆ ಮಹಿಳೆಯರ ಏಷ್ಯಾ ಕಪ್ ನಡೆಸುತ್ತದೆ. ಇದರಲ್ಲಿ ಎಲ್ಲ ದೇಶಗಳೂ ಒಂದೇ ಸಾಲಿನಲ್ಲಿ ಆಡುವುದಿಲ್ಲ. ಬಲಿಷ್ಠ ಎಂಟು ತಂಡಗಳು ಎ ವಿಭಾಗದಲ್ಲಿ, ಉಳಿದವು ಬಿ ವಿಭಾಗದಲ್ಲಿ ಆಡುತ್ತವೆ. ಬಿ ವಿಭಾಗದಲ್ಲಿ ಗೆದ್ದವರು ಮುಂದಿನ ಸಲ ಮೇಲಕ್ಕೆ ಹೋಗುತ್ತಾರೆ, ಎ ವಿಭಾಗದಲ್ಲಿ ಕೊನೆಯವರಾದವರು ಕೆಳಗೆ ಬರುತ್ತಾರೆ. ವಿಶ್ವಕಪ್‌ಗೆ ದಾರಿ ಇರುವುದು ಎ ವಿಭಾಗದಿಂದ. 2017ರಲ್ಲಿ ಅದರ ಮೊದಲ ನಾಲ್ಕು ತಂಡಗಳಿಗೆ 2018ರ ವಿಶ್ವಕಪ್ ಪ್ರವೇಶ ಸಿಕ್ಕಿತು. ಹೀಗಾಗಿ ಕೆಳಗೆ ಇಳಿದವರಿಗೆ ಎರಡು ವರ್ಷ ದೊಡ್ಡ ತಂಡಗಳೊಡನೆ ಆಡುವ ಅವಕಾಶವೇ ತಪ್ಪುತ್ತದೆ.

2013ರಲ್ಲಿ ಬ್ಯಾಂಕಾಕ್‌ನಲ್ಲಿ ಭಾರತ ಐದನೇ ಸ್ಥಾನ ಪಡೆದಿತ್ತು. 2015ರಲ್ಲಿ ಚೀನಾದ ವುಹಾನ್‌ನಲ್ಲಿ ಸೋತು ಕೆಳಗಿನ ಹಂತಕ್ಕೆ ಇಳಿಯಿತು. 2017ರ ಜುಲೈ 23ರಿಂದ 29ರ ತನಕ ಬೆಂಗಳೂರಿನಲ್ಲಿ ಪಂದ್ಯಾವಳಿ ನಡೆದಾಗ ಆತಿಥ್ಯ ವಹಿಸಿದ ದೇಶವೇ ಬಿ ವಿಭಾಗದಲ್ಲಿ ಆಡಬೇಕಾಯಿತು. ಜತೆಗಿದ್ದವರು ಕಜಕಸ್ತಾನ, ಉಜ್ಬೆಕಿಸ್ತಾನ, ಲೆಬನಾನ್, ಶ್ರೀಲಂಕಾ, ಸಿಂಗಾಪುರ ಮತ್ತು ಫಿಜಿ.

ಒಂದು ಬುಟ್ಟಿಯ ಅಂತರ

ಫೈನಲ್‌ನಲ್ಲಿ ಎದುರಾಳಿ ಕಜಕಸ್ತಾನ. ಆಟ ಗೊತ್ತಿಲ್ಲದವರಿಗೆ ಸ್ವಲ್ಪ ವಿವರಣೆ: ಹತ್ತು ನಿಮಿಷದ ನಾಲ್ಕು ಅವಧಿ. ಸಾಮಾನ್ಯ ಬುಟ್ಟಿಗೆ ಎರಡು ಅಂಕ, ದೂರದ ಗೆರೆಯ ಹೊರಗಿನಿಂದ ಹಾಕಿದರೆ ಮೂರು, ಫ್ರೀ ಥ್ರೋಗೆ ಒಂದು. ಚೆಂಡು ಸಿಕ್ಕಿದ 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕು. ಚೆಂಡನ್ನು ಹಿಡಿದುಕೊಂಡು ಹೊತ್ತು ಕಳೆಯುವಂತಿಲ್ಲ. ಹಾಗಾಗಿ ಮುನ್ನಡೆ ಯಾವ ಕ್ಷಣದಲ್ಲೂ ಕೈತಪ್ಪಬಹುದು.

ನಲವತ್ತು ನಿಮಿಷದ ಆಟ ಮುಗಿದಾಗ ಅಂಕ ಭಾರತ 75, ಕಜಕಸ್ತಾನ 73. ಒಂದೇ ಒಂದು ಬುಟ್ಟಿಯ ಅಂತರ. ಅದೇ ಪಂದ್ಯಾವಳಿಯ ಎ ವಿಭಾಗದ ಫೈನಲ್‌ನಲ್ಲಿ ಅಂತರ ಇನ್ನೂ ಕಡಿಮೆ: ಜಪಾನ್ 74, ಮೊದಲ ಬಾರಿಗೆ ಏಷ್ಯಾ ಕಪ್‌ಗೆ ಬಂದಿದ್ದ ಆಸ್ಟ್ರೇಲಿಯಾ 73. ಉತ್ತರ ಕೊರಿಯಾ ಕೆಳಗಿಳಿಯಿತು, ಅದರ ಜಾಗಕ್ಕೆ ಭಾರತ ಏರಿತು.

ಆ ಭಾರತ ತಂಡದಲ್ಲಿ ಪುಣೆಯ ಶಿರೀನ್ ಲಿಮಯೆ ಇದ್ದರು. 2001ರಿಂದ ಒಂದೂ ಬಿಡದೆ ಏಷ್ಯಾ ಮಟ್ಟದ ಕೂಟಗಳಲ್ಲಿ ಆಡಿದ ತಮಿಳುನಾಡಿನ ಅನಿತಾ ಪಾಲ್‌ದುರೈ ಇದ್ದರು. ತಾಯಿಯಾದ ಬಳಿಕ ಮತ್ತೆ ಅಂಗಣಕ್ಕೆ ಇಳಿದಿದ್ದ ಅನಿತಾ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು. ನಮಗೆ ಇನ್ನೂ ಹತ್ತಿರದವರು ಪಿ.ಎಸ್. ಜೀನಾ. ವಯನಾಡಿನ ಪಡಿಞ್ಞಾರತ್ತರದಂತಹ ಹಳ್ಳಿಯಿಂದ ಬಂದವರು, ಕೇರಳ ವಿದ್ಯುತ್ ಮಂಡಳಿಯ ಆಟಗಾರ್ತಿ. ಮುಂದಿನ ಜನವರಿಯಲ್ಲಿ, ಅಂದರೆ 2018ರಲ್ಲಿ, ಚೆನ್ನೈಯಲ್ಲಿ ಕೇರಳದ ಮಹಿಳೆಯರು ಬಲಿಷ್ಠ ರೈಲ್ವೇಸ್ ತಂಡವನ್ನು 68-62ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆದರು.

ಏರಿದ ಮೇಲೆ ಏನಾಯಿತು?

2019ರ ಸೆಪ್ಟೆಂಬರ್‌ನಲ್ಲಿ ಪಂದ್ಯಾವಳಿ ಮತ್ತೆ ಬೆಂಗಳೂರಿಗೆ ಬಂತು. ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಜಪಾನ್ 71-68ರಿಂದ ಚೀನಾವನ್ನು ಮಣಿಸಿ ಸತತ ನಾಲ್ಕನೇ ಸಲ ಕಪ್ ಗೆದ್ದಿತು. ಭಾರತ ಎಂಟನೇ ಸ್ಥಾನ, ಅಂದರೆ ಕೊನೆಯದು. ಆ ಸಲ ಯಾರನ್ನೂ ಕೆಳಗಿಳಿಸದ ಕಾರಣ ಜಾಗ ಉಳಿಯಿತು. 2021ರಲ್ಲಿ ಜೋರ್ಡನ್‌ನ ಅಮ್ಮಾನ್‌ನಲ್ಲಿ ಆ ಅದೃಷ್ಟವೂ ಇರಲಿಲ್ಲ. ಭಾರತ ಮತ್ತೆ ಕೊನೆಯ ಸ್ಥಾನಕ್ಕೆ ಹೋಗಿ ಕೆಳಗೆ ಇಳಿಯಿತು, ಲೆಬನಾನ್ ಮೇಲೆ ಬಂತು. 2023ರಲ್ಲಿ ಮೇಲೇರಿದ್ದು ಇಂಡೊನೇಶ್ಯಾ.

ಎರಡು ಅಂಕದಿಂದ ಬಾಗಿಲು ತೆರೆಯಬಹುದು, ಆದರೆ ಒಳಗೆ ಉಳಿಯಲು ವರ್ಷವಿಡೀ ಆಟ ಬೇಕು. ಇಲ್ಲಿಯೇ ಕ್ಲಬ್‌ಗಳ ಪ್ರಶ್ನೆ ಬರುತ್ತದೆ. ಆಸ್ಟ್ರೇಲಿಯಾ, ಜಪಾನ್, ಚೀನಾಗಳಲ್ಲಿ ಮಹಿಳೆಯರಿಗೆ ತಿಂಗಳುಗಟ್ಟಲೆ ನಡೆಯುವ ಲೀಗ್‌ಗಳಿವೆ. ಆಟಗಾರ್ತಿ ಪ್ರತಿ ವಾರ ತನಗಿಂತ ಬಲಿಷ್ಠರ ಎದುರು ಆಡುತ್ತಾಳೆ. ನಮ್ಮಲ್ಲಿ ಕ್ಲಬ್ಬಿನ ಕೆಲಸವನ್ನು ಬಹುಕಾಲ ಮಾಡಿಕೊಂಡು ಬಂದದ್ದು ಕಚೇರಿಗಳು: ರೈಲ್ವೆ, ವಿದ್ಯುತ್ ಮಂಡಳಿ, ಬ್ಯಾಂಕು, ತೈಲ ಕಂಪೆನಿ. 2016ರಲ್ಲಿ ಚೀನಾದಲ್ಲಿ ನಡೆದ ಪುರುಷರ ಏಷ್ಯಾ ಕ್ಲಬ್ ಚಾಂಪಿಯನ್‌ಷಿಪ್‌ಗೆ ಭಾರತದಿಂದ ಹೋದದ್ದೂ ಓಎನ್‌ಜಿಸಿ ನೌಕರರ ತಂಡವೇ. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ನಮ್ಮ ವಿಜಯಾ ಬ್ಯಾಂಕಿಗೂ ಬಾಸ್ಕೆಟ್‌ಬಾಲ್ ತಂಡವಿತ್ತು. 2019ರ ಏಪ್ರಿಲ್ 1ರಂದು ಆ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು.

ಈ ವ್ಯವಸ್ಥೆಗೆ ಒಳ್ಳೆಯದೂ ಇದೆ, ಕೊರತೆಯೂ ಇದೆ. ಬಡ ಮನೆಯ ಹುಡುಗಿಗೆ ಕಾಯಂ ಕೆಲಸ, ಸಂಬಳ, ಪಿಂಚಣಿಯ ಭದ್ರತೆ ಸಿಗುತ್ತದೆ. ಗಾಯವಾದರೂ ಅನ್ನ ತಪ್ಪುವುದಿಲ್ಲ. ಆದರೆ ವರ್ಷದಲ್ಲಿ ಆಡಲು ಸಿಗುವ ದೊಡ್ಡ ಪಂದ್ಯಗಳು ಕೆಲವೇ ಕೆಲವು. ದಕ್ಷಿಣ ರೈಲ್ವೆಯ ಗೀತು ಅನ್ನಾ ಜೋಸ್ 2006ರಲ್ಲಿ ಆಸ್ಟ್ರೇಲಿಯಾದ ರಿಂಗ್‌ವುಡ್ ಕ್ಲಬ್ಬಿಗೆ ಹೋಗಿ ಆಡಿದಾಗ ಅದು ದೊಡ್ಡ ಸುದ್ದಿಯಾದದ್ದು ಇದೇ ಕಾರಣಕ್ಕೆ. ಕೋಟ್ಟಯಂ ಕಡೆಯ ಗೀತು ಅವರಂತಹ ಅವಕಾಶ ಪಡೆದವರು ಬೆರಳೆಣಿಕೆಯ ಮಂದಿ.

ನಮ್ಮ ಮಕ್ಕಳಿಗೆ ಇದರಲ್ಲಿ ಏನಿದೆ?

ಬಾಸ್ಕೆಟ್‌ಬಾಲಿಗೆ ಬೇಕಾದದ್ದು 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ ನೆಲ ಹಾಗೂ ಹತ್ತು ಅಡಿ ಎತ್ತರದಲ್ಲಿ ಎರಡು ಬಳೆ. ಕೆಂಪು ಮಣ್ಣಿನ ಅಂಗಳದಲ್ಲಿ, ಅದೂ ನಮ್ಮ ಮಳೆಗಾಲದಲ್ಲಿ ಚೆಂಡು ಪುಟಿಯುವುದಿಲ್ಲ. ಶಾಲೆಗೊಂದು ಸಿಮೆಂಟು ಅಂಗಣ ಬೇಕೆಂದು ಪಿಟಿಎ ಸಭೆಯಲ್ಲಿ, ಗ್ರಾಮಸಭೆಯಲ್ಲಿ ಕೇಳುವುದು ಹೆತ್ತವರ ಕೈಯಲ್ಲೇ ಇದೆ. ಅದೇ ಅಂಗಣದಲ್ಲಿ ವಾಲಿಬಾಲನ್ನೂ ಆಡಬಹುದು.

ಕೇರಳದಲ್ಲಿ ಸ್ಪೋರ್ಟ್ಸ್ ಕೌನ್ಸಿಲ್‌ನ ಹಾಸ್ಟೆಲುಗಳಿವೆ. ತಿರುವನಂತಪುರದ ಜಿ.ವಿ. ರಾಜಾ ಕ್ರೀಡಾಶಾಲೆ ಮತ್ತು ಕಣ್ಣೂರಿನ ಕ್ರೀಡಾ ಶಾಲೆಗಳಿವೆ. ಆಯ್ಕೆ ಪ್ರಕಟಣೆಗಳು ಹೆಚ್ಚಾಗಿ ಮಲಯಾಳದಲ್ಲಿ ಬರುವುದರಿಂದ ಕನ್ನಡ ಮಾಧ್ಯಮದ ಮನೆಗಳಿಗೆ ಸುದ್ದಿ ಮುಟ್ಟುವಾಗ ದಿನಾಂಕ ಕಳೆದಿರುವುದುಂಟು. ಎರಡೂ ಭಾಷೆ ಬಲ್ಲ ನಾವು ಅಂತಹ ಪ್ರಕಟಣೆ ಕಂಡರೆ ಪಕ್ಕದ ಮನೆಯವರಿಗೂ ಓದಿ ಹೇಳಬೇಕು. ವಯನಾಡಿನ ಹಳ್ಳಿಯಿಂದ ಕಂಠೀರವದ ಅಂಗಣಕ್ಕೆ ಒಬ್ಬಳು ಹುಡುಗಿ ಹೋಗಬಹುದಾದರೆ ಪೈವಳಿಕೆಯಿಂದಲೋ ಎಣ್ಮಕಜೆಯಿಂದಲೋ ಇನ್ನೊಬ್ಬಳು ಹೋಗಲು ಅಡ್ಡಿಯೇನೂ ಇಲ್ಲ. ಅವಳಿಗೆ ಹೊತ್ತಿಗೆ ಸರಿಯಾಗಿ ಸುದ್ದಿ ಮುಟ್ಟಬೇಕು, ಅಷ್ಟೆ.