ಗಣಕಯಂತ್ರದ ಹಳೆಯ ತೆರೆಗಳು: ಹಂಬಲ ಮತ್ತು ಆಧಾರ

೧

ಶಾಸನವನ್ನು ಅಭ್ಯಸಿಸುವವನಿಗೆ ಅಚ್ಚಾದ ಪಾಠವೊಂದೇ ಸಾಲದೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆಲ್ಲ ವಿದಿತವೇ ಇದೆ. ಅಕ್ಷರಗಳ ಆಳ, ಕಲ್ಲಿನ ಸವೆತ, ಹಿಂದೆ ಇದ್ದ ಪಂಕ್ತಿಯೊಂದನ್ನು ಅಳಿಸಿ ಅದರ ಮೇಲೆ ಬೇರೊಂದನ್ನು ಕೆತ್ತಿದ ಗುರುತು, ಇವು ಪುಸ್ತಕದ ಪುಟಕ್ಕೆ ಬರುವುದಿಲ್ಲ. ಇವುಗಳಿಗಾಗಿ ಕಲ್ಲಿನ ಬಳಿಗೇ ಹೋಗಬೇಕು. ಪಾಠವು ಬೇರೆ, ಪಾಠವನ್ನು ಹೊತ್ತ ವಸ್ತು ಬೇರೆ, ಎರಡೂ ಆಧಾರಗಳೇ. ಈ ಹಳೆಯ ವಿವೇಕವು ಗಣಕಯಂತ್ರದ ಕಾಲಕ್ಕೂ ಸಲ್ಲುತ್ತದೆಂದು ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಇಲ್ಲಿ ಪಾಠವೆಂದರೆ ಗಣಕದ ಕಡತ. ಕಲ್ಲೆಂದರೆ ಆ ಕಡತವನ್ನು ಕಣ್ಣಿಗೆ ತೋರಿಸಿದ ಮಾನಿಟರಿನ ತೆರೆ.

ಹಳೆಯ ಮಾನಿಟರುಗಳ ಮೇಲಣ ಹಂಬಲವು ಈಚಿನ ವರ್ಷಗಳಲ್ಲಿ ಹಲವು ದೇಶಗಳಲ್ಲಿ ಬೆಳೆದಿದೆ. ಹಸುರು ಅಥವಾ ಹೊಂಬಣ್ಣದ ಅಕ್ಷರಗಳನ್ನು ತೋರಿಸುವ ತೆರೆಗಳನ್ನು ಹುಡುಕಿ ತಂದು, ದುರಸ್ತಿ ಮಾಡಿ, ಮನೆಯಲ್ಲಿ ಇರಿಸಿಕೊಂಡವರಿದ್ದಾರೆ. ಸೋನಿ ಸಂಸ್ಥೆಯ ಜಿ.ಡಿ.ಎಂ. ಎಫ್.ಡಬ್ಲ್ಯು. ೯೦೦ ಎಂಬ ೨೪ ಅಂಗುಲದ ಮಾನಿಟರು ಸುಮಾರು ೪೨ ಕಿಲೋಗ್ರಾಂ ತೂಗುತ್ತದೆ. ಒಬ್ಬರಿಂದ ಎತ್ತಲಾಗದ ಈ ಪೆಟ್ಟಿಗೆಯನ್ನು ಅಪೂರ್ವ ವಸ್ತುವೆಂದು ಅರಸುವವರು ಇಂದಿಗೂ ಉಂಟು. ಇದನ್ನು ಬಾಲ್ಯದ ವ್ಯಾಮೋಹವೆಂದು ತಳ್ಳಿಹಾಕುವುದು ಸುಲಭ. ನಮ್ಮ ಅಭಿಪ್ರಾಯ ಬೇರೆ. ಪತ್ರಾಗಾರಗಳು ಉಳಿಸದೆ ಬಿಟ್ಟ ಒಂದು ಜ್ಞಾನವನ್ನು ಈ ಹಂಬಲವು ಉಳಿಸಿಕೊಂಡು ಬಂದಿದೆ. ಆದರೆ ಬಾಯಿಮಾತಿನ ಸಾಕ್ಷ್ಯವನ್ನು ಪರೀಕ್ಷಿಸುವಂತೆ ಇದನ್ನೂ ಪರೀಕ್ಷಿಸಿಯೇ ಸ್ವೀಕರಿಸಬೇಕು.

೨

ಜರ್ಮನ್ ವಿಜ್ಞಾನಿ ಕಾರ್ಲ್ ಫರ್ಡಿನೆಂಡ್ ಬ್ರೌನ್ ೧೮೯೭ರಲ್ಲಿ ರೂಪಿಸಿದ ಕ್ಯಾಥೋಡ್ ಕಿರಣ ನಳಿಕೆಯೇ ಈ ತೆರೆಗಳ ಮೂಲ. ಗಾಳಿಯನ್ನು ಹೊರತೆಗೆದ ಗಾಜಿನ ಬುರುಡೆ. ಅದರ ಕತ್ತಿನಲ್ಲಿ ಎಲೆಕ್ಟ್ರಾನುಗಳನ್ನು ಚಿಮ್ಮಿಸುವ ಸಾಧನ. ಮುಂಭಾಗದ ಗಾಜಿನ ಒಳಮೈಗೆ ಫಾಸ್ಫರ್ ಎಂಬ ಲೇಪ. ಎಲೆಕ್ಟ್ರಾನುಗಳ ಕಿರಣವು ತಾಗಿದೆಡೆಯಲ್ಲಿ ಲೇಪವು ಬೆಳಗುತ್ತದೆ. ಕಿರಣವು ಮುಂದೆ ಸರಿದೊಡನೆ ಆ ಬೆಳಕು ಕುಂದತೊಡಗುತ್ತದೆ. ಸಾಮಾನ್ಯ ಮಾನಿಟರಿನಲ್ಲಿ ಈ ಕಿರಣವು, ಬರೆಯುವ ಕೈಯಂತೆ, ಎಡದಿಂದ ಬಲಕ್ಕೆ ಒಂದು ಗೆರೆಯನ್ನೆಳೆದು, ಮರಳಿ ಎಡಕ್ಕೆ ಬಂದು ಅದರ ಕೆಳಗೆ ಇನ್ನೊಂದನ್ನು ಎಳೆಯುತ್ತ, ಇಡೀ ತೆರೆಯನ್ನು ಸೆಕೆಂಡಿಗೆ ಐವತ್ತು, ಅರುವತ್ತು ಅಥವಾ ಹೆಚ್ಚು ಸಾರಿ ತುಂಬುತ್ತದೆ. ಆದುದರಿಂದ ಅಲ್ಲಿ ಸ್ಥಿರವಾಗಿ ನಿಂತ ಚಿತ್ರವೆಂಬುದೇ ಇಲ್ಲ. ಆರುತ್ತಲೂ ಮತ್ತೆ ಹೊತ್ತುತ್ತಲೂ ಇರುವ ಬೆಳಕನ್ನು ನಮ್ಮ ಕಣ್ಣು ಚಿತ್ರವೆಂದು ಗ್ರಹಿಸುತ್ತದೆ.

ಲೇಪಗಳಲ್ಲಿಯೂ ಹಲವು ಬಗೆಗಳಿವೆ. ಯಾವ ಬಣ್ಣದಲ್ಲಿ ಬೆಳಗಬೇಕು, ಎಷ್ಟು ಬೇಗ ಆರಬೇಕು ಎಂಬುದನ್ನು ಲೇಪವೇ ನಿರ್ಧರಿಸುತ್ತದೆ. ಗಣಕವು ಕಳುಹಿಸುವ ಸಂಕೇತದಲ್ಲಿ ಇವೆರಡರ ಸುಳಿವೂ ಇರುವುದಿಲ್ಲ. ನಮ್ಮ ವಾದಕ್ಕೆ ಮುಖ್ಯವಾದ ಸಂಗತಿಯಿದು: ನೋಡುಗನು ಕಂಡದ್ದರಲ್ಲಿ ಒಂದು ಪಾಲು ಕಡತದಲ್ಲಿಲ್ಲ, ಗಾಜಿನಲ್ಲಿದೆ.

೩

ಇದನ್ನು ಕೆಲವು ನಿದರ್ಶನಗಳಿಂದ ಸ್ಪಷ್ಟಪಡಿಸಬಹುದು.

ಐ.ಬಿ.ಎಂ. ಸಂಸ್ಥೆಯು ೧೯೮೧ರಲ್ಲಿ ತನ್ನ ವೈಯಕ್ತಿಕ ಗಣಕದೊಡನೆ ೫೧೫೧ ಎಂಬ ಏಕವರ್ಣದ ಮಾನಿಟರನ್ನು ಹೊರತಂದಿತು. ಅಡ್ಡಕ್ಕೆ ೭೨೦ ಚುಕ್ಕೆ, ಉದ್ದಕ್ಕೆ ೩೫೦ ಗೆರೆ; ಅದರಲ್ಲಿ ೮೦ ಅಕ್ಷರಗಳ ೨೫ ಪಂಕ್ತಿಗಳು. ಈ ತೆರೆಯು ಸೆಕೆಂಡಿಗೆ ೫೦ ಸಾರಿ ಮಾತ್ರ ತುಂಬುತ್ತಿತ್ತು. ಬೇಗ ಆರುವ ಲೇಪವಿದ್ದಿದ್ದರೆ ಅಕ್ಷರಗಳು ಮಿನುಗಿ ಕಣ್ಣಿಗೆ ಆಯಾಸವಾಗುತ್ತಿತ್ತು. ಆದಕಾರಣ ನಿಧಾನವಾಗಿ ಆರುವ ಹಸುರು ಲೇಪವನ್ನು ಬಳಸಿದರು. ಅಕ್ಷರಗಳು ಕದಲದೆ ನಿಂತವು. ಆದರೆ ಪಂಕ್ತಿಗಳು ಮೇಲಕ್ಕೆ ಸರಿದಾಗ ಹಳೆಯ ಪಂಕ್ತಿಗಳ ನೆರಳು ಕ್ಷಣಕಾಲ ಹಿಂದೆಯೇ ಉಳಿಯುತ್ತಿತ್ತು. ಇಂದು ಹಂಬಲಿಗರು ಚೆಲುವೆಂದು ಕೊಂಡಾಡುವ ಆ ನೆರಳು, ಒಂದು ತೊಡಕಿಗೆ ಕಂಡುಕೊಂಡ ಪರಿಹಾರದ ಬೆಲೆಯಾಗಿತ್ತು.

ಅದೇ ಸಂಸ್ಥೆಯ ೫೧೫೩ ಎಂಬ ವರ್ಣ ಮಾನಿಟರು ೧೯೮೩ರಲ್ಲಿ ಬಂದಿತು. ಇದರ ಕಂದುಬಣ್ಣದ ಕಥೆ ಇತಿಹಾಸಕಾರನಿಗೆ ಇನ್ನೂ ಬೋಧಪ್ರದವಾದುದು. ಗಣಕವು ಕೆಂಪು, ಹಸುರು, ನೀಲಿ, ಪ್ರಖರತೆ ಎಂಬ ನಾಲ್ಕು ಸಂಕೇತಗಳನ್ನು ಕಳುಹಿಸುತ್ತಿತ್ತು; ಇವುಗಳ ಜೋಡಣೆಯಿಂದ ಹದಿನಾರು ಬಣ್ಣಗಳು. ಪ್ರಖರತೆಯಿಲ್ಲದೆ ಕೆಂಪು ಮತ್ತು ಹಸುರು ಕೂಡಿದರೆ ಲೆಕ್ಕದಂತೆ ಮಂಕಾದ ಹಳದಿ ಬರಬೇಕು. ಆದರೆ ಈ ಮಾನಿಟರಿನೊಳಗೆ, ಆ ಒಂದು ಜೋಡಣೆ ಬಂದಾಗ ಮಾತ್ರ ಹಸುರನ್ನು ತಗ್ಗಿಸುವ ಏರ್ಪಾಡಿತ್ತು. ಹಳದಿಯು ಕಂದಾಗಿ ತೋರುತ್ತಿತ್ತು. ಈ ಏರ್ಪಾಡಿಲ್ಲದ ಬೇರೆ ಮಾನಿಟರುಗಳಲ್ಲಿ ಅದೇ ಚಿತ್ರದ ಮರದ ಕಾಂಡವೂ ಮಣ್ಣೂ ಮಂಕು ಹಳದಿಯಾಗಿಯೇ ಕಾಣುತ್ತಿದ್ದುವು. ಕಡತವನ್ನು ಎಷ್ಟು ಸೂಕ್ಷ್ಮವಾಗಿ ಶೋಧಿಸಿದರೂ ಆ ಕಂದುಬಣ್ಣ ಸಿಕ್ಕದು.

ಮೂರನೆಯದು ಇದಕ್ಕಿಂತ ವಿಚಿತ್ರವಾದುದು. ಅಮೆರಿಕದ ವರ್ಣ ದೂರದರ್ಶನ ಪದ್ಧತಿಯಲ್ಲಿ ಬಣ್ಣ ಮತ್ತು ಬೆಳಕಿನ ಸಂಕೇತಗಳು ಒಂದೇ ತಂತಿಯಲ್ಲಿ ಬೆರೆತು ಬರುತ್ತವೆ. ಒತ್ತೊತ್ತಾಗಿ ಇಟ್ಟ ಕಪ್ಪು ಬಿಳುಪು ಚುಕ್ಕೆಗಳನ್ನು ಆ ತಂತಿಯಲ್ಲಿ ಕಳುಹಿಸಿದರೆ, ದೂರದರ್ಶನದ ಪೆಟ್ಟಿಗೆಯು ಅವನ್ನು ಬಣ್ಣವೆಂದು ಭ್ರಮಿಸುತ್ತದೆ. ೧೯೭೭ರ ಆಪಲ್ ೨ ಗಣಕವು ಈ ದೋಷವನ್ನೇ ಬಂಡವಾಳ ಮಾಡಿಕೊಂಡು ಕಡಮೆ ಖರ್ಚಿನಲ್ಲಿ ವರ್ಣಚಿತ್ರವನ್ನು ತೋರಿಸಿತು. ೧೯೮೪ರ ಕಿಂಗ್ಸ್ ಕ್ವೆಸ್ಟ್ ಎಂಬ ಆಟವೂ ಐ.ಬಿ.ಎಂ. ಗಣಕದಲ್ಲಿ ಇದೇ ಉಪಾಯವನ್ನು ಬಳಸಿಕೊಂಡಿತು. ಇಂತಹ ಚಿತ್ರವನ್ನು ಇಂದಿನ ತೆರೆಯಲ್ಲಿ ಇದ್ದದ್ದಿದ್ದಂತೆ ತೆರೆದರೆ ಕಾಣುವುದು ಬರಿಯ ಪಟ್ಟೆಗಳು. ಭಾರತದಲ್ಲಿ ೧೯೮೨ರಲ್ಲಿ ವರ್ಣ ದೂರದರ್ಶನವು ಬಂದಾಗ ಅಂಗೀಕರಿಸಿದ್ದು ಪ್ಯಾಲ್ ಎಂಬ ಬೇರೆ ಪದ್ಧತಿಯನ್ನು; ಆದುದರಿಂದ ಅಮೆರಿಕದ ಬಾಲಕನು ಕಂಡ ಬಣ್ಣವು ನಮ್ಮ ಮನೆಗಳ ಪೆಟ್ಟಿಗೆಗಳಲ್ಲಿ ಮೂಡುವಂತಿರಲಿಲ್ಲ. ಒಂದೇ ಕೃತಿಯನ್ನು ಎರಡು ದೇಶದವರು ಎರಡಾಗಿ ಕಂಡ ಪ್ರಸಂಗವಿದು.

ಇನ್ನೂ ಹಿಂದಕ್ಕೆ ಹೋದರೆ ಟೆಕ್ಟ್ರಾನಿಕ್ಸ್ ಸಂಸ್ಥೆಯ ೧೯೭೨ರ ೪೦೧೦ ಎಂಬ ಸಾಧನವು ದೊರೆಯುತ್ತದೆ. ಗಣಕದ ಸ್ಮೃತಿಕೋಶವು ತೀರ ದುಬಾರಿಯಾಗಿದ್ದ ಆ ಕಾಲದಲ್ಲಿ ಚಿತ್ರವನ್ನು ನೆನಪಿಟ್ಟುಕೊಳ್ಳುವ ಕೆಲಸವನ್ನು ಗಾಜಿಗೇ ವಹಿಸಿದ್ದರು. ಒಮ್ಮೆ ಎಳೆದ ಗೆರೆಯು ಮತ್ತೆ ಎಳೆಯದೆಯೇ ತೆರೆಯ ಮೇಲೆ ನಿಲ್ಲುತ್ತಿತ್ತು. ಆದರೆ ಒಂದು ಗೆರೆಯನ್ನಷ್ಟೇ ಅಳಿಸುವಂತಿರಲಿಲ್ಲ. ತೆರೆಯೆಲ್ಲ ಹಸುರಾಗಿ ಒಮ್ಮೆ ಝಗ್ಗನೆ ಬೆಳಗಿ ಎಲ್ಲವೂ ಅಳಿಯಬೇಕಾಗಿತ್ತು. ಅದರ ಮುಂದೆ ಕುಳಿತ ಇಂಜಿನಿಯರನು, ಸ್ಲೇಟಿನ ಮೇಲೆ ಬರೆಯುವವನಿಗಿಂತ ಶಾಯಿಯಲ್ಲಿ ಬರೆಯುವವನಂತೆ, ಮೊದಲೇ ಯೋಚಿಸಿ ಗೆರೆಯೆಳೆಯಬೇಕಾಗಿತ್ತು. ತೆರೆಯ ಗುಣವು ಕೆಲಸದ ಕ್ರಮವನ್ನೂ ರೂಪಿಸಿತೆಂಬುದಕ್ಕೆ ಇದು ನಿದರ್ಶನ.

೧೯೬೨ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಸ್ಟೀವ್ ರಸಲ್ ಮತ್ತು ಸಂಗಡಿಗರು ಪಿ.ಡಿ.ಪಿ. ೧ ಯಂತ್ರಕ್ಕಾಗಿ ರಚಿಸಿದ ಸ್ಪೇಸ್‌ವಾರ್ ಆಟವನ್ನು ಕೊನೆಯದಾಗಿ ಹೆಸರಿಸಬಹುದು. ಅದರ ದುಂಡನೆಯ ತೆರೆಗೆ ರಾಡಾರಿನಲ್ಲಿ ಬಳಕೆಯಾಗಿದ್ದ ಎರಡು ಪದರದ ಲೇಪವಿತ್ತು. ಚುಕ್ಕೆಯು ನೀಲಿಯಾಗಿ ಮಿಂಚಿ, ಬಳಿಕ ಹಳದಿ ಮಿಶ್ರಿತ ಹಸುರಾಗಿ ಮೆಲ್ಲನೆ ಆರುತ್ತಿತ್ತು. ನೌಕೆಗಳ ಹಿಂದೆ ತೇಲುವ ಆ ಬಾಲವನ್ನು ಯಾರೂ ಕ್ರಮವಿಧಿಯಲ್ಲಿ ಬರೆದಿರಲಿಲ್ಲ. ಕ್ಯಾಲಿಫೋರ್ನಿಯದ ಮೌಂಟನ್ ವ್ಯೂ ನಗರದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ, ಅಂತಹ ಒಂದು ಯಂತ್ರವನ್ನು ತೆರೆಸಹಿತವಾಗಿ ದುರಸ್ತಿ ಮಾಡಿಸಿ ನಡೆಸಿ ತೋರಿಸಿರುವುದರಿಂದಲೇ ಆ ದೃಶ್ಯವು ನಮ್ಮ ಕಾಲದವರಿಗೂ ದೊರೆತಿದೆ.

೪

ಹಂಬಲವು ಒಳ್ಳೆಯ ಸಾಕ್ಷಿಯೇ ಎಂಬ ಪ್ರಶ್ನೆ ಇನ್ನು ಉಳಿಯುತ್ತದೆ. ಮೇಲೆ ಹೇಳಿದ ವಿವರಗಳಲ್ಲಿ ಹಲವನ್ನು ಜೀವಂತವಾಗಿ ಉಳಿಸಿದವರು ಸಂಗ್ರಹಕಾರರು ಮತ್ತು ಹವ್ಯಾಸಿಗಳು. ಆ ಋಣವನ್ನು ನಾವು ಒಪ್ಪಲೇಬೇಕು. ಆದರೆ ನೆನಪು ಬೆರಕೆಯಾಗುತ್ತದೆ. ಹಳೆಯ ತೆರೆಯನ್ನು ಅನುಕರಿಸುವ ಇಂದಿನ ತಂತ್ರಾಂಶಗಳು ಎಲ್ಲ ಚಿತ್ರಗಳ ಮೇಲೂ ಕಪ್ಪು ಅಡ್ಡಗೆರೆಗಳನ್ನು ಹಾಯಿಸಿ, ಅಂಚುಗಳನ್ನು ಬಾಗಿಸಿ, ‘ಹಳೆಯ ಕಾಲ’ ಎಂಬ ಒಂದೇ ಮುದ್ರೆಯನ್ನು ಒತ್ತುವುದುಂಟು. ೧೯೯೦ರ ದಶಕದಲ್ಲಿ ಗಣಕವನ್ನು ಕಂಡವರಲ್ಲಿ ಅನೇಕರು, ತಮ್ಮ ಮಾನಿಟರಿನಲ್ಲಿಯೂ ಈ ಕಪ್ಪು ಗೆರೆಗಳಿದ್ದುವೆಂದು ನೆನೆಯುತ್ತಾರೆ. ವಾಸ್ತವವು ಬೇರೆ. ೧೯೮೭ರಲ್ಲಿ ಬಂದ ವಿ.ಜಿ.ಎ. ಪದ್ಧತಿಯು ೨೦೦ ಗೆರೆಗಳ ಚಿತ್ರದಲ್ಲಿ ಪ್ರತಿಯೊಂದು ಗೆರೆಯನ್ನೂ ಎರಡು ಸಾರಿ ಬರೆದು ೪೦೦ ಗೆರೆಗಳನ್ನಾಗಿ ಮಾಡುತ್ತಿತ್ತು. ಆದುದರಿಂದ ಗೆರೆಗಳ ನಡುವಣ ಕಪ್ಪು ತೆರಪು ಬಹುಮಟ್ಟಿಗೆ ಮುಚ್ಚಿಹೋಗಿತ್ತು. ಕಪ್ಪು ಗೆರೆಗಳು ಇದ್ದದ್ದು ದೂರದರ್ಶನದ ಪೆಟ್ಟಿಗೆಗೆ ಜೋಡಿಸಿದ ಆಟದ ಯಂತ್ರಗಳಲ್ಲಿ ಮತ್ತು ಅದಕ್ಕೂ ಹಿಂದಿನ ವರ್ಣ ಮಾನಿಟರುಗಳಲ್ಲಿ. ಈಚೆಗೆ ಕಂಡ ಅನುಕರಣವು ಹಿಂದಿನ ನೆನಪಿನೊಳಗೆ ಹೊಕ್ಕಿದೆ. ತಾಮ್ರಪಟಗಳಲ್ಲಿ ಕೂಟಶಾಸನವನ್ನು ಬೇರ್ಪಡಿಸುವ ಅಭ್ಯಾಸವುಳ್ಳವರಿಗೆ ಇದು ಹೊಸ ಸಮಸ್ಯೆಯಲ್ಲ.

ನೆನಪನ್ನು ತಿದ್ದಲು ವಸ್ತುವು ಬೇಕು, ವಸ್ತುವಾದರೋ ಕ್ಷಯಿಸುತ್ತಿದೆ. ನಳಿಕೆಗಳನ್ನು ತಯಾರಿಸುತ್ತಿದ್ದ ದೊಡ್ಡ ಕಾರ್ಖಾನೆಗಳು ಆ ಕೆಲಸವನ್ನು ಬಿಟ್ಟಿವೆ. ಲೇಪವು ಬಳಸಿದಷ್ಟೂ ಮಂಕಾಗುತ್ತದೆ. ಬಿಡಿಭಾಗಗಳನ್ನು ಬದಲಿಸಬಹುದು, ಆದರೆ ನಳಿಕೆಯೇ ಸೋತರೆ ಹೊಸದನ್ನು ತರುವುದು ದುಸ್ಸಾಧ್ಯ.

೫

ಇದು ಹೊರದೇಶಗಳ ವಿಚಾರವೆಂದು ನಮ್ಮವರು ಉದಾಸೀನರಾಗುವಂತಿಲ್ಲ. ೧೯೮೦ರ ದಶಕದಲ್ಲಿ ಕಾನ್ಪುರದ ಐ.ಐ.ಟಿ.ಯಲ್ಲಿ ಮೊದಲಾಗಿ, ಬಳಿಕ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿದ ಜಿಸ್ಟ್ ತಂತ್ರವು ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳನ್ನು ಸಾಮಾನ್ಯ ಗಣಕದ ತೆರೆಗೆ ತಂದಿತು. ೫೧೫೧ರಂತಹ ಮಾನಿಟರಿನಲ್ಲಿ ಒಂದು ಅಕ್ಷರಕ್ಕೆ ದೊರೆಯುತ್ತಿದ್ದುದು ೯ ಚುಕ್ಕೆ ಅಗಲ, ೧೪ ಗೆರೆ ಎತ್ತರದ ಮನೆ. ರೋಮನ್ ಅಕ್ಷರಕ್ಕೆ ಅದು ಸಾಕು. ‘ರಾಷ್ಟ್ರೀಯ’ ಎಂಬ ಮಾತಿಗಾದರೋ ಮೇಲೆ ಗುಡಿಸು ಬೇಕು, ಕೆಳಗೆ ಒತ್ತುಗಳು ಬೇಕು, ಪಕ್ಕದಲ್ಲಿ ದೀರ್ಘ ಬೇಕು. ಇಷ್ಟನ್ನು ಆ ಇಕ್ಕಟ್ಟಿನಲ್ಲಿ ಹೊಂದಿಸುವುದು ಸಾಮಾನ್ಯ ಕೆಲಸವಲ್ಲ. ಅಂದಿನ ಕನ್ನಡ ಅಕ್ಷರವು ತೆರೆಯ ಮೇಲೆ ಹೇಗೆ ಕಂಡಿತೆಂಬುದನ್ನು ಅಂದಿನ ಕಡತವು ಹೇಳುವುದಿಲ್ಲ. ೧೯೯೧ರಲ್ಲಿ ಭಾರತೀಯ ಮಾನಕವಾದ ಇಸ್ಕಿ ಸಂಕೇತದಲ್ಲಿ ಉಳಿಯುವುದು ಅಕ್ಷರದ ಗುರುತು, ಅಕ್ಷರದ ಆಕಾರವಲ್ಲ. ಹಳಗನ್ನಡ ಲಿಪಿಯ ಒಂದೊಂದು ತಿರುವನ್ನೂ ಅಳೆದು ಗುರುತಿಸಿದ ನಾಡಿನಲ್ಲಿ, ನಲವತ್ತು ವರ್ಷಗಳ ಹಿಂದಿನ ಲಿಪಿರೂಪವೊಂದು ದಾಖಲೆಯಿಲ್ಲದೆ ಹೋಗುವುದು ವಿಷಾದಕರವಾದೀತು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಕೆಳಗೆ ಒಂದು ಕಾಲೇಜಿನ ಉಗ್ರಾಣವನ್ನು ತೆರವು ಮಾಡುವಾಗ ಏಕವರ್ಣದ ಹಳೆಯ ಮಾನಿಟರೊಂದನ್ನು ಕಂಡೆವು. ವಿದ್ಯುತ್ತಿನ ಸಂಪರ್ಕವಿಲ್ಲದಿದ್ದರೂ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಗಾಜಿನಲ್ಲಿ ಗೆರೆಗಳೂ ಅಕ್ಷರಗಳೂ ಮಸುಕಾಗಿ ಕಾಣುತ್ತಿದ್ದುವು. ಒಂದೇ ನಮೂನೆಯನ್ನು ವರ್ಷಗಟ್ಟಲೆ ತೋರಿಸಿದ್ದರಿಂದ ಆ ಜಾಗದ ಲೇಪವು ಸುಟ್ಟು ನಮೂನೆಯ ಅಚ್ಚು ನಿಂತಿತ್ತು. ಅದು ಶುಲ್ಕವನ್ನು ಬರೆದುಕೊಳ್ಳುವ ಪಟ್ಟಿಯೆಂದು ಅಂಕಣಗಳಿಂದ ಊಹಿಸಿದೆವು. ಆ ಕಚೇರಿಯ ಮೊದಲ ಗಣಕದ ಕಡತಗಳಲ್ಲಿ ಒಂದೂ ಉಳಿದಿರಲಿಲ್ಲ. ಉಳಿದಿದ್ದ ಬರೆಹವೆಂದರೆ ಇದೊಂದೇ. ಮರುದಿನ ಛಾಯಾಚಿತ್ರವನ್ನು ತೆಗೆಯೋಣವೆಂದು ಬಿಟ್ಟು ಬಂದೆವು. ಮರುದಿನ ಹೋಗುವಷ್ಟರಲ್ಲಿ ಅದು ಗುಜರಿಯ ಗಾಡಿಯಲ್ಲಿ ಹೊರಟುಹೋಗಿತ್ತು.

ಎಲ್ಲ ಮಾನಿಟರುಗಳನ್ನೂ ಕಾಪಾಡಬೇಕೆಂದು ನಾವು ಹೇಳುವುದಿಲ್ಲ. ಈ ಗಾಜಿನಲ್ಲಿ ಸೀಸವಿರುತ್ತದೆ. ಇವುಗಳ ವಿಲೇವಾರಿಗೆ ೨೦೧೧ರಿಂದ ಇ-ತ್ಯಾಜ್ಯದ ನಿಯಮಗಳು ಬಂದಿವೆ, ಅವನ್ನು ಪಾಲಿಸತಕ್ಕದ್ದೇ. ಆರಿಸಿದ ಮೇಲೂ ಒಳಗೆ ಅಪಾಯಕರವಾದ ವಿದ್ಯುದೊತ್ತಡವು ಉಳಿಯಬಹುದಾದುದರಿಂದ ಬಲ್ಲವರಲ್ಲದೆ ಬೇರೆಯವರು ಪೆಟ್ಟಿಗೆಯನ್ನು ಬಿಚ್ಚಬಾರದು. ಆದರೆ ಕಳುಹಿಸಿಕೊಡುವ ಮುನ್ನ ಮಾಡಬಹುದಾದ ಕೆಲಸವು ಅಲ್ಪವೇ ಆಗಿದೆ. ತಯಾರಕರ ಹೆಸರು, ಮಾದರಿಯ ಸಂಖ್ಯೆ, ತಯಾರಾದ ವರ್ಷ, ತೆರೆಯ ಬಣ್ಣ ಇವನ್ನು ಬರೆದಿಡಬೇಕು. ಗಾಜಿನಲ್ಲಿ ಸುಟ್ಟ ಗುರುತುಗಳಿದ್ದರೆ ಓರೆ ಬೆಳಕಿನಲ್ಲಿ ಚಿತ್ರ ತೆಗೆಯಬೇಕು. ಉರಿಯುವ ತೆರೆಯಾದರೆ ಕ್ಯಾಮೆರಾದ ಕವಾಟವನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟಾದರೂ ತೆರೆದಿಡಬೇಕು, ಇಲ್ಲದಿದ್ದರೆ ಚಿತ್ರದ ಒಂದು ಪಟ್ಟಿ ಮಾತ್ರ ಮೂಡೀತು. ಎಲ್ಲಕ್ಕಿಂತ ಮುಖ್ಯವಾಗಿ, ಅದರ ಮುಂದೆ ಕುಳಿತು ಕೆಲಸ ಮಾಡಿದ ಗುಮಾಸ್ತರನ್ನೂ ಬೆರಳಚ್ಚುಗಾರರನ್ನೂ ಕಂಡು ಮಾತಾಡಿಸಬೇಕು. ಅವರಲ್ಲಿ ಅನೇಕರು ನಿವೃತ್ತರಾಗಿ ನಮ್ಮ ಊರುಗಳಲ್ಲಿಯೇ ಇದ್ದಾರೆ.

ಒಂದು ಮಧ್ಯಾಹ್ನದ ಈ ಕೆಲಸವನ್ನು ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ಕ್ಷೇತ್ರಕಾರ್ಯವೆಂದು ಎಣಿಸಿ ತಂತಮ್ಮ ಕಾಲೇಜುಗಳ ಉಗ್ರಾಣದಿಂದಲೇ ಪ್ರಾರಂಭಿಸಬಹುದು. ನಾಳೆಗೆ ಬಿಡದಿದ್ದರೆ ಸಾಕು.