ಸಾಲದ ಅರ್ಜಿಯ ಗುಪ್ತ ಪರೀಕ್ಷೆ: ವರ್ತಕರಿಗೆ ಲಾಭವೇ?

ಸಾಲ ಪಡೆಯುವಾಗಿನ ಹಿತವನ್ನೂ ಮರಳಿಸುವಾಗಿನ ಸಂಕಟವನ್ನೂ ತ್ರಿಪದಿಯಲ್ಲಿ ಹೇಳಿದ ಸರ್ವಜ್ಞನು ನಮ್ಮ ಹಿರೇಕೆರೂರು ಸೀಮೆಯವನು. ಆದರೆ ಸಾಲವೇ ಬೇಡದವನು ಸಾಲಕ್ಕೆ ಅರ್ಜಿ ಹಾಕಿ, ಅದಕ್ಕಾಗಿ ಸಂಭಾವನೆ ಪಡೆಯುವ ವ್ಯವಹಾರವನ್ನು ಅವನೂ ಕಂಡಿರಲಾರನು. ಇಂದು ಅಂತಹದೊಂದು ಉಪವೃತ್ತಿ ಇದೆ. ಅದಕ್ಕೆ ‘ಮಿಸ್ಟರಿ ಶಾಪಿಂಗ್’ ಎಂದು ಹೆಸರು. ಕನ್ನಡದಲ್ಲಿ ಗುಪ್ತ ಗ್ರಾಹಕ ಪರೀಕ್ಷೆ ಎನ್ನಬಹುದು. ಕೆಲಸ ಹಂಚುವುದು ಮೊಬೈಲ್ ಫೋನಿನಲ್ಲಿಯೇ ಆದ್ದರಿಂದ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನಲ್ಲಿ ಕುಳಿತ ವರ್ತಕರಿಗೂ ಅದರ ಆಹ್ವಾನ ತಲುಪುವುದು ಕಷ್ಟವಲ್ಲ. ಆಹ್ವಾನ ಬಂದಾಗ ಒಪ್ಪಬೇಕೇ, ಬಿಡಬೇಕೇ ಎಂಬುದನ್ನು ಲಾಭ-ನಷ್ಟದ ದೃಷ್ಟಿಯಿಂದ ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

ಕೆಲಸದ ಸ್ವರೂಪ

ಬ್ಯಾಂಕು ಅಥವಾ ಹಣಕಾಸು ಕಂಪನಿಯು ತನ್ನ ಶಾಖೆಗಳ ಸೇವೆ ಹೇಗಿದೆ ಎಂದು ತಿಳಿಯಲು ಒಂದು ಸಮೀಕ್ಷಾ ಸಂಸ್ಥೆಯನ್ನು ನೇಮಿಸುತ್ತದೆ. ಆ ಸಂಸ್ಥೆಯು ಸಾಮಾನ್ಯ ಜನರನ್ನು ಗ್ರಾಹಕರ ವೇಷದಲ್ಲಿ ಶಾಖೆಗೆ ಕಳುಹಿಸುತ್ತದೆ. ಹೋದವನು ಸಾಲದ ಬಗ್ಗೆ ವಿಚಾರಿಸಿ, ಎಷ್ಟು ಹೊತ್ತು ಕಾಯಿಸಿದರು, ಬಡ್ಡಿದರವನ್ನು ಸ್ಪಷ್ಟವಾಗಿ ತಿಳಿಸಿದರೇ, ಶುಲ್ಕಗಳನ್ನು ಮುಚ್ಚಿಟ್ಟರೇ, ವಿಮೆ ಮಾಡಿಸಲೇಬೇಕೆಂದು ಒತ್ತಾಯಿಸಿದರೇ ಎಂಬುದನ್ನೆಲ್ಲ ಗಮನಿಸಿ, ಪ್ರಶ್ನಾವಳಿಯನ್ನು ತುಂಬಿ ಕಳುಹಿಸಬೇಕು. ವರದಿ ಅಂಗೀಕಾರವಾದರೆ ಸಂಭಾವನೆ ದೊರೆಯುತ್ತದೆ. ವರದಿ ತಿರಸ್ಕೃತವಾದರೆ ಶ್ರಮ ವ್ಯರ್ಥ.

ಈ ಕೆಲಸದಲ್ಲಿ ಎರಡು ಬಗೆಗಳಿವೆ. ಮೊದಲನೆಯದು ಕೇವಲ ವಿಚಾರಣೆ: ಶಾಖೆಗೆ ಹೋಗಿ ಮಾತನಾಡಿ, ಮಾಹಿತಿ ಪತ್ರ ಪಡೆದು ಮರಳುವುದು. ಎರಡನೆಯದು ಪೂರ್ಣ ಅರ್ಜಿ: ದಾಖಲೆಗಳನ್ನು ಕೊಟ್ಟು, ಅರ್ಜಿಗೆ ಸಹಿ ಮಾಡಿ, ಮಂಜೂರಾತಿಯ ಹಂತದವರೆಗೆ ಹೋಗಿ ಹಿಂದೆ ಸರಿಯುವುದು. ಎರಡನೆಯದಕ್ಕೆ ಸಂಭಾವನೆ ಹೆಚ್ಚೆಂಬುದು ಸಹಜ. ತೊಡಕಿರುವುದೂ ಅಲ್ಲಿಯೇ.

ಒಂದು ಲೆಕ್ಕ

ಪೂರ್ಣ ಅರ್ಜಿಯ ಕೆಲಸಕ್ಕೆ 1,000 ರೂಪಾಯಿ ಸಂಭಾವನೆ ಎಂದು ಇಟ್ಟುಕೊಳ್ಳೋಣ. ಇದು ಲೆಕ್ಕದ ಅನುಕೂಲಕ್ಕಾಗಿ ತೆಗೆದುಕೊಂಡ ಮೊತ್ತ. ಹಾನಗಲ್ಲಿನ ಒಬ್ಬ ವರ್ತಕನು ಹಿರೇಕೆರೂರಿನ ಶಾಖೆಗೆ ಹೋಗಬೇಕು. ಮೊದಲ ದಿನ ವಿಚಾರಣೆ, ಇನ್ನೊಂದು ದಿನ ಆದಾಯ ತೆರಿಗೆ ವಿವರಣೆ, ಜಿಎಸ್‌ಟಿ ರಿಟರ್ನ್, ಒಂದು ವರ್ಷದ ಖಾತೆಯ ವಿವರ, ಉದ್ಯಮ್ ನೋಂದಣಿ ಪತ್ರಗಳ ಸಲ್ಲಿಕೆ. ದಿನಕ್ಕೆ 800 ರೂಪಾಯಿ ಉಳಿಯುವ ಅಂಗಡಿಯನ್ನು ಎರಡು ದಿನ ಅರ್ಧ ಹೊತ್ತು ಮುಚ್ಚಿದರೆ 800 ರೂಪಾಯಿ ಹೋಯಿತು. ಬಸ್ ಚಾರ್ಜು, ಚಹಾ, ಜೆರಾಕ್ಸ್ ಸೇರಿ 250 ರೂಪಾಯಿ ಎನ್ನಿ. ವರದಿ ಬರೆಯುವ ರಾತ್ರಿಯ ಎರಡು ಗಂಟೆಗಳನ್ನು ಬಿಟ್ಟರೂ 50 ರೂಪಾಯಿ ಕೈಯಿಂದಲೇ ಹೋಗುತ್ತದೆ.

ಇದು ಕಣ್ಣಿಗೆ ಕಾಣುವ ವೆಚ್ಚ ಮಾತ್ರ. ಅರ್ಜಿ ಸ್ವೀಕರಿಸಿದ ಬ್ಯಾಂಕು ಸಾಲ ಮಾಹಿತಿ ಸಂಸ್ಥೆಯಿಂದ ಅರ್ಜಿದಾರನ ವರದಿಯನ್ನು ತರಿಸಿಕೊಳ್ಳುತ್ತದೆ. ಸಿಬಿಲ್ ಎಂದು ನಾವು ಕರೆಯುವ ಟ್ರಾನ್ಸ್‌ಯೂನಿಯನ್ ಸಿಬಿಲ್ ಅಲ್ಲದೆ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಸಿಆರ್‌ಐಎಫ್ ಹೈಮಾರ್ಕ್ ಎಂಬ ಸಂಸ್ಥೆಗಳೂ ಈ ಕಾರ್ಯದಲ್ಲಿವೆ. ಬ್ಯಾಂಕು ಹೀಗೆ ವಿಚಾರಿಸಿದ್ದು ವರದಿಯಲ್ಲಿ ದಾಖಲಾಗುತ್ತದೆ. ಅಲ್ಪಾವಧಿಯಲ್ಲಿ ಇಂತಹ ವಿಚಾರಣೆಗಳು ಹೆಚ್ಚಾದರೆ, 300ರಿಂದ 900ರವರೆಗಿನ ಅಂಕದಲ್ಲಿ ಇಳಿಕೆಯಾಗುತ್ತದೆ. ಹಣಕ್ಕಾಗಿ ಅಲೆಯುತ್ತಿರುವ ವ್ಯಕ್ತಿ ಎಂಬ ಭಾವನೆ ಸಾಲ ಕೊಡುವವರಲ್ಲಿ ಮೂಡುತ್ತದೆ. ನಮ್ಮ ವರದಿಯನ್ನು ನಾವೇ ನೋಡಿಕೊಂಡರೆ ಈ ತೊಂದರೆ ಇಲ್ಲ.

ಅನೇಕ ಬ್ಯಾಂಕುಗಳು ಇಂದು ಅಂಕವನ್ನು ನೋಡಿ ಬಡ್ಡಿಯನ್ನು ನಿರ್ಧರಿಸುತ್ತವೆ. 10 ಲಕ್ಷ ರೂಪಾಯಿಯ ಕ್ಯಾಶ್ ಕ್ರೆಡಿಟ್‌ ಅನ್ನು ಪೂರ್ತಿ ಬಳಸುವ ಅಕ್ಕಿ ಗಿರಣಿಯವನಿಗೆ ಬಡ್ಡಿ ಶೇ. 0.5ರಷ್ಟು ಏರಿದರೂ ವರ್ಷಕ್ಕೆ 5,000 ರೂಪಾಯಿ ಹೆಚ್ಚುವರಿ ಹೊರೆ. ಸುಗ್ಗಿಯಲ್ಲಿ ಗೋವಿನಜೋಳ, ಹತ್ತಿ, ಭತ್ತ ಖರೀದಿಸಲು ತುರ್ತಾಗಿ ಮಿತಿ ಹೆಚ್ಚಿಸಿಕೊಳ್ಳಬೇಕಾದ ದಲಾಲಿ ವರ್ತಕನಿಗೆ ಮಂಜೂರಾತಿ ಹದಿನೈದು ದಿನ ತಡವಾದರೆ ಆಗುವ ಹಾನಿ ಇದಕ್ಕಿಂತ ದೊಡ್ಡದು. ವರ್ತಕನಿಗೆ ಪತ್ತು ಎಂಬುದೇ ಬಂಡವಾಳ. ಸಾವಿರ ರೂಪಾಯಿಗಾಗಿ ಅದನ್ನು ಬಾಡಿಗೆಗೆ ಕೊಡುವುದು ಜಾಣತನವಲ್ಲ.

ಸಣ್ಣ ಊರಿನಲ್ಲಿ ಗುಪ್ತವಾಗಿರುವುದು ಸಾಧ್ಯವೇ?

ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಅಪರಿಚಿತನಾಗಿ ಶಾಖೆಗೆ ಹೋಗಿ ಬರಬಹುದು. ಸವಣೂರಿನ ವೀಳ್ಯದೆಲೆ ವ್ಯಾಪಾರಿಯನ್ನಾಗಲಿ ಶಿಗ್ಗಾಂವಿಯ ಬೀಜ-ಗೊಬ್ಬರದ ಅಂಗಡಿಯವರನ್ನಾಗಲಿ ಊರಿನ ಶಾಖೆಯಲ್ಲಿ ಗುರುತಿಸದವರು ಯಾರು? ಪರಿಚಿತನಿಗೆ ದೊರೆತ ಉಪಚಾರದಿಂದ ಅಪರಿಚಿತನ ಗತಿ ಏನೆಂಬುದು ತಿಳಿಯದು. ಬೇರೆ ತಾಲೂಕಿನ ಶಾಖೆಗೆ ಹೋದರೆ, ‘ನಿಮ್ಮ ಅಂಗಡಿ ಇರುವುದು ಅಲ್ಲಿ, ಇಲ್ಲಿಗೇಕೆ ಬಂದಿರಿ’ ಎಂಬ ಪ್ರಶ್ನೆ ಎದುರಾಗುತ್ತದೆ. ಸ್ಥಳ ತನಿಖೆಗೆ ಅಧಿಕಾರಿ ಅಂಗಡಿಗೇ ಬಂದರೆ ಗುಟ್ಟು ಉಳಿಯದು. ಮುಂದೆ ನಿಜವಾಗಿ ಸಾಲ ಬೇಕಾದಾಗ ಅದೇ ಅಧಿಕಾರಿಯ ಮುಂದೆ ಕುಳಿತುಕೊಳ್ಳಬೇಕು.

ಕಾನೂನಿನ ಮಾತೂ ಇದೆ. ಸಾಲದ ಅರ್ಜಿಯಲ್ಲಿ ಉದ್ದೇಶವನ್ನು ಬರೆದು, ‘ಮೇಲಿನದು ಸತ್ಯ’ ಎಂದು ಸಹಿ ಮಾಡಲಾಗುತ್ತದೆ. ಉದ್ದೇಶವೇ ಇಲ್ಲದೆ ಮಾಡಿದ ಸಹಿ ಸುಳ್ಳು ಹೇಳಿಕೆಯಾಗುತ್ತದೆ. ಕೆಲಸ ವಹಿಸಿದ್ದು ಬ್ಯಾಂಕೇ ಎಂಬುದಕ್ಕೆ ಬ್ಯಾಂಕಿನ ಲಿಖಿತ ಪತ್ರವಿಲ್ಲದಿದ್ದರೆ ಜವಾಬ್ದಾರಿ ಸಹಿ ಹಾಕಿದವನದೇ.

ಮೋಸದ ಬಲೆ

ಗುಪ್ತ ಗ್ರಾಹಕರ ಹೆಸರಿನಲ್ಲಿ ನಡೆಯುವ ವಂಚನೆಗಳೂ ಇವೆ. ನೋಂದಣಿ ಶುಲ್ಕ ಅಥವಾ ಠೇವಣಿ ಕೇಳುವುದು, ಮೊದಲು ಹಣ ಹಾಕಿ ಅದರ ಒಂದಂಶವನ್ನು ಬೇರೆ ಖಾತೆಗೆ ಕಳುಹಿಸಲು ಹೇಳುವುದು, ಪ್ಯಾನ್, ಆಧಾರ್ ಪ್ರತಿಗಳನ್ನು ವಾಟ್ಸ್ಆ್ಯಪ್‌ನಲ್ಲಿ ತರಿಸಿಕೊಂಡು ಒಟಿಪಿ ಕೇಳುವುದು ಇವುಗಳ ಲಕ್ಷಣ. ಈ ಮೂರು ಕೈಸೇರಿದರೆ ನಮ್ಮ ಹೆಸರಿನಲ್ಲಿ ನಿಜವಾದ ಸಾಲವೇ ಹುಟ್ಟಬಹುದು. ನಿಜವಾದ ಸಮೀಕ್ಷಾ ಸಂಸ್ಥೆಯು ಕೆಲಸ ಕೊಡಲು ಹಣ ಕೇಳುವುದಿಲ್ಲ. ಮೋಸ ಹೋದವರು ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಪರೀಕ್ಷೆಯಿಂದ ಉಪಯೋಗವೇ ಇಲ್ಲವೇ?

ಇದೆ. ಅಮೆರಿಕದ ಲಾಸ್ ಏಂಜಲೀಸ್ ಮತ್ತು ಶಿಕಾಗೊ ನಗರಗಳಲ್ಲಿ ಗೃಹಸಾಲ ಸಂಸ್ಥೆಗಳಿಗೆ ಸಮಾನ ಅರ್ಹತೆಯ ಇಬ್ಬಿಬ್ಬರನ್ನು ಕಳುಹಿಸಿ ನಡೆಸಿ, 2002ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಅಲ್ಪಸಂಖ್ಯಾತ ವರ್ಗದವರಿಗೆ ದೊರೆಯುವ ಮಾಹಿತಿ, ನೆರವು ಕಡಿಮೆ ಎಂಬುದು ಕಂಡುಬಂದಿತು. 2016ರಲ್ಲಿ ಅಲ್ಲಿಯ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆಯು ಬ್ಯಾಂಕಾರ್ಪ್‌ಸೌತ್ ಎಂಬ ಬ್ಯಾಂಕಿನ ವಿರುದ್ಧ ಕೈಗೊಂಡ ಕ್ರಮಕ್ಕೂ ಗುಪ್ತ ಪರೀಕ್ಷೆಯ ಸಾಕ್ಷ್ಯ ಬಲ ಕೊಟ್ಟಿತು. ಮೆಕ್ಸಿಕೊದಲ್ಲಿ ನಡೆದು 2014ರಲ್ಲಿ ವಿಶ್ವಬ್ಯಾಂಕ್ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಿಬ್ಬಂದಿ ತಾವಾಗಿ ತಿಳಿಸುವ ಮಾಹಿತಿ ಅತ್ಯಲ್ಪ. ಅತ್ಯಂತ ಅಗ್ಗದ ಯೋಜನೆಯನ್ನು ಗ್ರಾಹಕನ ಮುಂದಿಟ್ಟದ್ದು ಇಲ್ಲವೆನ್ನುವಷ್ಟು ಕಡಿಮೆ. ಭಾರತದಲ್ಲಿ ಜೀವವಿಮಾ ಏಜೆಂಟರ ಬಳಿ ತರಬೇತಾದ ಗ್ರಾಹಕರನ್ನು ಕಳುಹಿಸಿದ ಅಧ್ಯಯನವೂ ಕಮಿಷನ್ ಹೆಚ್ಚಿರುವ ಪಾಲಿಸಿಯನ್ನೇ ಏಜೆಂಟರು ಮುಂದೊಡ್ಡುವುದನ್ನು ತೋರಿಸಿತು.

ಗಮನಿಸಬೇಕಾದ ಸಂಗತಿಯೆಂದರೆ, 2002ರ ಆ ಅಧ್ಯಯನವು ಅರ್ಜಿ ಸಲ್ಲಿಸುವ ಮುನ್ನವೇ, ವಿಚಾರಣೆಯ ಹಂತದಲ್ಲಿಯೇ ನಿಂತಿತು. ಸಾಲದಾತನ ಗುಣ ತಿಳಿಯಲು ಅಷ್ಟೇ ಸಾಕಾಯಿತು. ಆದ್ದರಿಂದ ದಾಖಲೆ, ಸಹಿ, ಒಟಿಪಿ ಯಾವುದೂ ಬೇಡದ ವಿಚಾರಣೆಯ ಕೆಲಸವನ್ನು ಬಿಡುವಿದ್ದವರು, ಲಿಖಿತ ಒಪ್ಪಂದವಿದ್ದರೆ, ಮಾಡಲಡ್ಡಿಯಿಲ್ಲ. ಪೂರ್ಣ ಅರ್ಜಿಯ ಕೆಲಸವನ್ನು ವ್ಯವಹಾರಸ್ಥರು ಒಪ್ಪದಿರುವುದೇ ಲೇಸು.

ನಿಜವಾದ ಸಾಲಗಾರನೇ ಪರೀಕ್ಷಕನಾಗಲಿ

ಹೀಗಾದರೂ ಗುಪ್ತ ಗ್ರಾಹಕನ ಪ್ರಶ್ನಾವಳಿ ಬೆಲೆಬಾಳುವ ವಸ್ತು. ಸಾಲ ನಿಜವಾಗಿ ಬೇಕಾದವನ ಕೈಯಲ್ಲಿದ್ದರೆ ಅದು ಸಂಭಾವನೆಗಿಂತ ಹತ್ತು ಪಟ್ಟು ಗಳಿಸಿಕೊಡುತ್ತದೆ. ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯುಳ್ಳ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. ಮುಖ ಪರಿಚಯದ ಮೇಲೆ ನಡೆಯುತ್ತಿದ್ದ ವ್ಯವಹಾರ ಕಡಿಮೆಯಾಗುತ್ತಿರುವ ಈ ಕಾಲದಲ್ಲಿ ಕೇಳಿ ತಿಳಿಯುವುದೇ ರಕ್ಷಣೆ. ಶಾಖೆಗೆ ಹೋಗುವ ಮುನ್ನ ಈ ಅಂಶಗಳನ್ನು ಬರೆದಿಟ್ಟುಕೊಳ್ಳಿರಿ:

1. ಅರ್ಜಿಗೆ ದಿನಾಂಕ ಸಹಿತ ಸ್ವೀಕೃತಿ ಪತ್ರ ಕೊಟ್ಟರೇ? ರಿಸರ್ವ್ ಬ್ಯಾಂಕಿನ 2003ರ ನ್ಯಾಯೋಚಿತ ವ್ಯವಹಾರ ಸಂಹಿತೆಯು ಇದನ್ನು ವಿಧಿಸಿದೆ.

2. ಭದ್ರತೆ ಕೇಳಿದರೇ? ಕಿರು ಮತ್ತು ಸಣ್ಣ ಘಟಕಗಳ 10 ಲಕ್ಷ ರೂಪಾಯಿವರೆಗಿನ ಸಾಲಕ್ಕೆ ಆಸ್ತಿಯ ಭದ್ರತೆ ಪಡೆಯಬಾರದೆಂದು ರಿಸರ್ವ್ ಬ್ಯಾಂಕ್ 2010ರಲ್ಲಿ ಸೂಚಿಸಿತು. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಸಾಲಕ್ಕೂ ಭದ್ರತೆ ಬೇಕಿಲ್ಲ. ಅದು ವರ್ತಕರಿಗೂ ಅನ್ವಯಿಸುತ್ತದೆ.

3. ಬಡ್ಡಿಯ ಜೊತೆಗೆ ಸಂಸ್ಕರಣಾ ಶುಲ್ಕ, ತಪಾಸಣಾ ಶುಲ್ಕ, ವಿಮೆ ಸೇರಿ ಒಟ್ಟು ವೆಚ್ಚವೆಷ್ಟು? 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ಚಿಲ್ಲರೆ ಹಾಗೂ ಎಂಎಸ್ಎಂಇ ಅವಧಿ ಸಾಲಗಳಿಗೆ ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಮುಖ್ಯಾಂಶಗಳ ಪತ್ರವನ್ನು ಕೊಡಲೇಬೇಕು. ಅದರಲ್ಲಿ ಕಾಣಿಸದ ಶುಲ್ಕವನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ವಸೂಲಿ ಮಾಡುವಂತಿಲ್ಲ.

4. ಅವಧಿಗೆ ಮುನ್ನ ಸಾಲ ತೀರಿಸಿದರೆ ದಂಡವಿದೆಯೇ?

5. ತೀರ್ಮಾನ ಯಾವಾಗ? ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡುವರೇ?

ಎರಡು ಮೂರು ಶಾಖೆಗಳಲ್ಲಿ ಇದನ್ನು ಬಾಯಿಮಾತಿನಲ್ಲಿ ವಿಚಾರಿಸಿ, ಒಳ್ಳೆಯದೆನಿಸಿದ ಒಂದೇ ಕಡೆ ಅರ್ಜಿ ಹಾಕಿದರೆ ಅಂಕಕ್ಕೂ ಧಕ್ಕೆಯಿಲ್ಲ. ವರ್ಷಕ್ಕೊಮ್ಮೆ ಪ್ರತಿ ಸಾಲ ಮಾಹಿತಿ ಸಂಸ್ಥೆಯಿಂದ ಉಚಿತ ವರದಿ ಪಡೆಯುವ ಹಕ್ಕು 2017ರಿಂದ ಇದೆ. ಅರ್ಜಿಗೆ ಮೊದಲು ಅದನ್ನು ನೋಡಿಕೊಳ್ಳುವುದು ಒಳಿತು.

ಸಂಘಗಳು ಮಾಡಬಹುದಾದದ್ದು

ಒಬ್ಬೊಬ್ಬರ ಅನುಭವ ದೂರು ಎನಿಸಿಕೊಳ್ಳುತ್ತದೆ. ಐವತ್ತು ಜನರ ಅನುಭವ ಪುರಾವೆಯಾಗುತ್ತದೆ. ನಾಲ್ಕೂ ತಾಲೂಕುಗಳ ವರ್ತಕರ ಸಂಘಗಳು ಮೇಲಿನ ಪ್ರಶ್ನೆಗಳ ಒಂದು ಹಾಳೆಯನ್ನು ಅಚ್ಚು ಹಾಕಿಸಿ, ಸಾಲ ಪಡೆದ ಹಾಗೂ ಪಡೆಯಲಾಗದ ಸದಸ್ಯರಿಂದ ಹೆಸರಿಲ್ಲದೆ ತುಂಬಿಸಿಕೊಳ್ಳಲಿ. ವರ್ಷಕ್ಕೆರಡು ಬಾರಿ ಅದನ್ನು ಕ್ರೋಡೀಕರಿಸಿ ತಾಲೂಕು ಮಟ್ಟದ ಬ್ಯಾಂಕರುಗಳ ಸಮಿತಿಗೂ ಜಿಲ್ಲಾ ಅಗ್ರಣಿ ಬ್ಯಾಂಕಿಗೂ ಸಲ್ಲಿಸಲಿ. ಇದಕ್ಕೆ ವೇಷವೂ ಬೇಡ, ಸುಳ್ಳು ಅರ್ಜಿಯೂ ಬೇಡ. ವೈಯಕ್ತಿಕ ದೂರಿಗೆ ಬ್ಯಾಂಕು 30 ದಿನಗಳಲ್ಲಿ ಸ್ಪಂದಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ಮಾಹಿತಿಗೆ ಉಚಿತ ದೂರವಾಣಿ 14448.

ಸಂಭಾವನೆಗಾಗಿ ಸಾಲದ ಅರ್ಜಿ ಹಾಕುವುದು ಶ್ರಮಕ್ಕೆ ತಕ್ಕ ಕೆಲಸವಲ್ಲ; ಪತ್ತನ್ನು ಪಣಕ್ಕಿಡುವ ಕೆಲಸ. ಸಾಲ ಬೇಕಾದಾಗ ಸಂಕೋಚವಿಲ್ಲದೆ ಕೇಳುವುದು, ಕೇಳಿದ್ದನ್ನು ಬರೆದಿಡುವುದು, ಬರೆದಿಟ್ಟದ್ದನ್ನು ಸಂಘದಲ್ಲಿ ಹಂಚಿಕೊಳ್ಳುವುದು ಖಂಡಿತ ಲಾಭದಾಯಕ. ಸದಸ್ಯ ಬಂಧುಗಳು ಈ ದಿಸೆಯಲ್ಲಿ ಯೋಚಿಸಬೇಕೆಂದು ವಿನಂತಿ.