ಬಿಜಿನೆಸ್ ಕೋಚ್ ಬೇಕೇ? ಮೊದಲು ಲೆಕ್ಕ ಹಾಕಿ



ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ನಮ್ಮ ಹೋಟೆಲುಗಳಿಗೆ ಈಗ ಹೊಸ ತರಹದ ಗಿರಾಕಿ ಬರುತ್ತಿದ್ದಾರೆ. ಚಹಾ ಕುಡಿದು, ಗಲ್ಲಾದ ಮೇಲೆ ಕಾರ್ಡ್ ಇಡುತ್ತಾರೆ: 'ಬಿಜಿನೆಸ್ ಕೋಚ್'. ಆರು ತಿಂಗಳಲ್ಲಿ ವ್ಯಾಪಾರ ಇಮ್ಮಡಿ ಮಾಡಿಕೊಡುತ್ತೇವೆ ಎನ್ನುತ್ತಾರೆ. ಇವರಿಂದ ನಮಗೆ ಉಪಯೋಗವಿದೆಯೇ?

ಹಿರಿಯರು ಕೋಚ್ ಇಲ್ಲದೆಯೇ ಗೆದ್ದರು ಎನ್ನುವುದು ಪೂರ್ತಿ ಸರಿಯಲ್ಲ. 1942ರಲ್ಲಿ ಮಾಟುಂಗದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ಎ. ರಾಮ ನಾಯಕ್ ಅವರು ಅಡುಗೆಮನೆಯ ಕೆಲಸದಿಂದಲೇ ಮೇಲೆ ಬಂದವರು. ಆ ಕಾಲದ ಹುಡುಗರು ಹಗಲು ಕಪ್ಪು ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಧನಿಗಳ ಪಕ್ಕ ನಿಂತು ವ್ಯಾಪಾರ ಕಲಿತರು. ತಪ್ಪಿದರೆ ಗದರಿಸಲು ಮಾವನೋ ಊರಿನ ಹಿರಿಯರೋ ಇದ್ದರು. ಇಂದು ಬೆಳಿಗ್ಗೆ ಐದರಿಂದ ರಾತ್ರಿ ಹನ್ನೊಂದರವರೆಗೆ ದುಡಿಯುವ ಮಾಲೀಕನಿಗೆ "ಅಣ್ಣಾ, ಇದರಲ್ಲಿ ನಷ್ಟವಿದೆ" ಎಂದು ಹೇಳುವವರಿಲ್ಲ. ನೌಕರ ಹೇಳಲಾರ. ಮನೆಯಲ್ಲಿ ನಾವು ಬಾಯಿ ಬಿಡುವುದಿಲ್ಲ. ಕೋಚ್‌ನ ಅಗತ್ಯ ಇರುವುದು ಇಲ್ಲಿ.

ಒಳ್ಳೆಯ ಕೋಚ್ ಭಾಷಣ ಮಾಡುವುದಿಲ್ಲ, ಪ್ರಶ್ನೆ ಕೇಳುತ್ತಾನೆ. 80 ರೂಪಾಯಿಯ ಮಸಾಲೆ ದೋಸೆ ಮೊಬೈಲ್ ಆಪ್ ಮೂಲಕ ಹೋದರೆ ಎಷ್ಟು ಉಳಿಯಿತು? ಕಮಿಷನ್ ನೂರಕ್ಕೆ 25 ಎಂದು ಹಿಡಿದರೆ 20 ರೂಪಾಯಿ, ಡಬ್ಬಿ-ಚೀಲಕ್ಕೆ 8. ಕೈಗೆ ಹೆಚ್ಚೆಂದರೆ 52. ಅಕ್ಕಿ, ಉದ್ದು, ಗ್ಯಾಸ್, ಸಂಬಳ, ಬಾಡಿಗೆ ಎಲ್ಲವೂ ಅದರಲ್ಲೇ. 'ರಶ್ ಇದೆ' ಎಂದು ಖುಷಿಪಡುವ ಮೊದಲು ಈ ಲೆಕ್ಕವನ್ನು ನಮ್ಮ ಕೈಯಿಂದಲೇ ಬರೆಯಿಸಬೇಕು, ಮುಂದಿನ ವಾರ ಬಂದು "ಬರೆದಿರಾ?" ಎಂದು ಕೇಳಬೇಕು.

ಇನ್ನು ಫೀ ವಿಷಯ. ಕೋಚ್ ಆಗಲು ಸರಕಾರದ ಲೈಸೆನ್ಸ್ ಬೇಕಿಲ್ಲ, ಯಾರು ಬೇಕಾದರೂ ಬೋರ್ಡ್ ಹಾಕಬಹುದು. ಫೀ 50,000 ಎಂದರೆ, ಅವರು ಜಿಎಸ್‌ಟಿ ನೋಂದಾಯಿತರಾಗಿದ್ದಲ್ಲಿ ಶೇ. 18ರಂತೆ 9,000 ಸೇರಿ 59,000. ಶೇ. 5ರ ಜಿಎಸ್‌ಟಿ ಕಟ್ಟುವ ಹೋಟೆಲಿನವರಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲದ ಕಾರಣ ಪೂರ್ತಿ ಹಣ ನಮ್ಮ ಜೇಬಿನಿಂದಲೇ. ನೂರಕ್ಕೆ 10 ಉಳಿಯುವ ಹೋಟೆಲಿಗೆ ಅದು ಮರಳಿ ಬರಲು 5,90,000 ರೂಪಾಯಿಯ ಹೆಚ್ಚಿನ ವ್ಯಾಪಾರ ಬೇಕು!

ಆದ್ದರಿಂದ ಗಮನದಲ್ಲಿಡಿ:

1. ವರ್ಷದ ಫೀ ಮುಂಗಡ ಕೊಡಬೇಡಿ. ತಿಂಗಳು ತಿಂಗಳು ಕೊಡಿ.

2. ಅವರಿಂದ ಕಲಿತ ಇಬ್ಬರು ಹೋಟೆಲಿನವರನ್ನು ಕಂಡು ವಿಚಾರಿಸಿ.

3. ಎಷ್ಟು ಭೇಟಿ, ಯಾವಾಗ ನಿಲ್ಲಿಸಬಹುದು ಎಂಬುದು ಬರಹದಲ್ಲಿರಲಿ.

4. ನಿಮ್ಮ ಲೆಕ್ಕದ ಪುಸ್ತಕ ನೋಡದೆ "ಎರಡನೇ ಬ್ರಾಂಚ್ ತೆರೆಯಿರಿ" ಎನ್ನುವವರಿಗೆ ಚಹಾ ಕುಡಿಸಿ ಕಳುಹಿಸಿ. ಸಾಲ ತೆಗೆದು ತೆರೆದ ಬ್ರಾಂಚ್ ಮುಳುಗಿದರೆ ಮೊದಲಿನ ಹೋಟೆಲನ್ನೂ ಎಳೆದುಕೊಂಡು ಹೋಗುತ್ತದೆ. ಆಗ ಕೋಚ್ ಜೊತೆಗಿರುವುದಿಲ್ಲ.

ಫೀ ಭಾರವೆನಿಸಿದವರಿಗೂ ದಾರಿಯಿದೆ. ಕಲ್ಯಾಣದವರೊಬ್ಬರು, ವಾಶಿಯವರೊಬ್ಬರು, ಥಾಣೆ, ಡೊಂಬಿವಲಿಯವರು ಒಬ್ಬೊಬ್ಬರು, ಹೀಗೆ ಪರಸ್ಪರ ಪೈಪೋಟಿ ಇಲ್ಲದ ನಾಲ್ವರು ತಿಂಗಳಿಗೊಮ್ಮೆ ಮಧ್ಯಾಹ್ನ ಮೂರರ ಬಿಡುವಿನಲ್ಲಿ ಕುಳಿತುಕೊಳ್ಳಿ. ಒಬ್ಬರ ಲೆಕ್ಕವನ್ನು ಇನ್ನೊಬ್ಬರು ನೋಡಿ, ಮುಲಾಜಿಲ್ಲದೆ ಹೇಳಿ. ಕೇಳಿದ್ದು ಅಲ್ಲೇ ಉಳಿಯಲಿ. ಇದಕ್ಕೆ ತಗಲುವ ಖರ್ಚು ನಾಲ್ಕು ಕಾಫಿ ಮಾತ್ರ.